ಬಾಡಿಗೆ ಮನೆಯಲ್ಲಿ ಯೂನಿಕ್ಸ್

ಆಫೀಸಿನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಗಿಟ್ ಬ್ಯಾಷ್ ತೆರೆದು ಕೂರುವ ನಮ್ಮ ಹುಡುಗ ಹುಡುಗಿಯರಿಗೆ ಆ ಕಪ್ಪು ಕಿಟಕಿಯ ವಂಶಾವಳಿ ಗೊತ್ತಿರುವುದಿಲ್ಲ. ಅದು ಸರಿಯಾಗಿ ನಡೆಯುತ್ತಿರುವ ತನಕ ಗೊತ್ತಿರಬೇಕಾದ ಜರೂರೂ ಬೀಳುವುದಿಲ್ಲ. ಒಂದು ದಿನ ಅದು ಫೋರ್ಕ್ ಆಗಲಿಲ್ಲ ಎಂದೋ, ಯಾವುದೋ ಡಿಎಲ್‌ಎಲ್ ತನ್ನ ಜಾಗಕ್ಕೆ ಬಂದು ಕೂರಲಿಲ್ಲ ಎಂದೋ ಎರಡು ಸಾಲು ಬರೆದು ಸುಮ್ಮನಾಗುತ್ತದೆ. ಆಗ ಹೆಚ್ಚಿನವರು ಮಷಿನ್ ಬಂದ್ ಮಾಡಿ ಮತ್ತೆ ಚಾಲೂ ಮಾಡುತ್ತಾರೆ. ಆ ಎರಡು ಸಾಲಿನ ಹಿಂದೆ ಮೂವತ್ತು ವರ್ಷದ ಇತಿಹಾಸವಿದೆ. ಯೂನಿಕ್ಸಿಗಾಗಿ ಬರೆದ ಮುಕ್ತ ತಂತ್ರಾಂಶಗಳನ್ನು ವಿಂಡೋಸ್ ಎಂಬ ಪರರ ಮನೆಯಲ್ಲಿ ಸಾಕಿಕೊಂಡು ಬಂದ ಇತಿಹಾಸ ಅದು. ಅದರ ನಡುಭಾಗವನ್ನು ನಾನು ಪುಣೆಯಲ್ಲಿ ಕೂತು ಕಂಡವನು, ಆ ಹಕ್ಕಿನಿಂದ ಬರೆಯುತ್ತಿದ್ದೇನೆ.

ಕಥೆಯನ್ನು ಸಿಗ್ವಿನ್‌ನಿಂದ ಶುರು ಮಾಡುವುದು ವಾಡಿಕೆ. ಸ್ವಲ್ಪ ಹಿಂದಿನಿಂದ ಹೇಳುವುದು ನ್ಯಾಯ. 1989ರ ಸುಮಾರಿಗೆ ಅಮೆರಿಕದ ಡೇಟಾ ಜನರಲ್ ಕಂಪನಿಯಲ್ಲಿ ಯೂನಿಕ್ಸ್ ಬಳಕೆದಾರರ ಒಂದು ಸಭೆ ನಡೆಯಿತು. ಮಾತಾಡಲು ಬಂದವರು ಗ್ನೂ ಯೋಜನೆಯ ರಿಚರ್ಡ್ ಸ್ಟಾಲ್‌ಮನ್. ಅಲ್ಲೇ ಕೆಲಸಕ್ಕಿದ್ದ ಡಿ.ಜೆ. ಡಿಲೋರಿ ಎದ್ದು, ನಿಮ್ಮ ಜಿಸಿಸಿ ಕಂಪೈಲರನ್ನು ಡಾಸ್‌ಗೆ ತರುವ ಯೋಚನೆ ಇದೆಯೇ ಎಂದು ಕೇಳಿದರು. ಆಗುವ ಮಾತಲ್ಲ, ಜಿಸಿಸಿ ತುಂಬಾ ದೊಡ್ಡದು, ಡಾಸ್ 16 ಬಿಟ್ಟಿನದು ಎಂಬ ಉತ್ತರ ಬಂತು. ಡಿಲೋರಿ ಅದನ್ನು ಸವಾಲಾಗಿ ತೆಗೆದುಕೊಂಡು ಮಾಡಿಯೇ ಬಿಟ್ಟರು. ಡಿಜೆಜಿಪಿಪಿ ಹುಟ್ಟಿದ್ದು ಹಾಗೆ. ಈ ಹೆಸರನ್ನು ನೆನಪಿಟ್ಟಿರಿ, ಮುಂದೆ ಮತ್ತೆ ಬರುತ್ತದೆ.

ಅದೇ 1989ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಜಾನ್ ಗಿಲ್ಮೋರ್, ಮೈಕೆಲ್ ಟೀಮನ್ ಮತ್ತು ಡೇವಿಡ್ ಹೆಂಕೆಲ್-ವಾಲೇಸ್ ಎಂಬ ಮೂವರು ಸಿಗ್ನಸ್ ಸಪೋರ್ಟ್ ಎಂಬ ಕಂಪನಿ ತೆಗೆದರು. ತಂತ್ರಾಂಶ ಪುಕ್ಕಟೆ, ಅದನ್ನು ನೋಡಿಕೊಳ್ಳುವ ಕೆಲಸಕ್ಕೆ ದುಡ್ಡು, ಇದು ಅವರ ವ್ಯಾಪಾರ. ಆಗ ಜನ ನಕ್ಕಿರಬೇಕು. ಸಿಗ್ನಸ್ ಎಂದರೆ ಲ್ಯಾಟಿನ್‌ನಲ್ಲಿ ಹಂಸ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಹೊಟ್ಟೆಯೊಳಗೆ ಗ್ನೂ ಅಡಗಿ ಕೂತಿರುತ್ತದೆ. ಹೆಸರು ಆರಿಸಿದ್ದೇ ಅದಕ್ಕಾಗಿ. ಹೊಸ ಹೊಸ ಚಿಪ್ಪುಗಳಿಗೆ ಜಿಸಿಸಿಯನ್ನು ಒಗ್ಗಿಸಿಕೊಡುವುದು ಅವರ ಮುಖ್ಯ ಆದಾಯ.

1995ರಲ್ಲಿ ಆ ಕಂಪನಿಯ ಇಂಜಿನಿಯರ್ ಸ್ಟೀವ್ ಚೇಂಬರ್ಲೇನ್ ಒಂದು ಸಣ್ಣ ಸಂಗತಿಯನ್ನು ಗಮನಿಸಿದರು. ವಿಂಡೋಸ್ ಎನ್‌ಟಿ ಮತ್ತು 95 ಬಳಸುತ್ತಿದ್ದ ಆಬ್ಜೆಕ್ಟ್ ಫೈಲಿನ ರಚನೆ ಕಾಫ್ ಎಂಬುದು, ಅದು ಯೂನಿಕ್ಸಿನ ಕಡೆಯಿಂದ ಬಂದದ್ದು. ಜಿಸಿಸಿಗೆ ಇಂಟೆಲ್ ಚಿಪ್ಪೂ ಗೊತ್ತು, ಕಾಫೂ ಗೊತ್ತು. ನ್ಯೂಲಿಬ್ ಎಂಬ ಸಿ ಲೈಬ್ರರಿ ಕೈಯಲ್ಲೇ ಇತ್ತು. ಹಾಗಿದ್ದರೆ ಯೂನಿಕ್ಸ್ ಮಷಿನ್‌ನಲ್ಲಿ ಕೂತು ವಿಂಡೋಸಿಗೆ ಪ್ರೋಗ್ರಾಮು ತಯಾರಿಸುವುದೇನು ಕಷ್ಟ? ಮಾಡಿದರು, ಆಯಿತು. ಮುಂದಿನ ಹೆಜ್ಜೆಯಲ್ಲಿ ಸಿಕ್ಕಿಬಿದ್ದರು. ಕಂಪೈಲರು ವಿಂಡೋಸಿನ ಮೇಲೇ ತಾನಾಗಿ ಕಟ್ಟಿಕೊಳ್ಳಬೇಕೆಂದರೆ ಅದರ ಕಾನ್ಫಿಗರ್ ಸ್ಕ್ರಿಪ್ಟು ಓಡಬೇಕು. ಅದು ಓಡಲು ಯೂನಿಕ್ಸ್ ಶೆಲ್ ಬೇಕು. ಶೆಲ್‌ಗೆ ಫೋರ್ಕ್ ಬೇಕು. ವಿಂಡೋಸಿನಲ್ಲಿ ಫೋರ್ಕೇ ಇಲ್ಲ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎನ್ನುವ ಸ್ಥಿತಿ. ಇದನ್ನು ಬಿಡಿಸಲು ಬರೆದದ್ದೇ ಒಂದು ಡಿಎಲ್‌ಎಲ್. ಪ್ರೋಗ್ರಾಮು ಯೂನಿಕ್ಸಿನ ಮಾತಲ್ಲಿ ಕೇಳಿದ್ದನ್ನು ವಿಂಡೋಸಿನ ಮಾತಿಗೆ ತಿರುಗಿಸಿ ಕೊಡುವ ದುಭಾಷಿ. ಮೊದಲು ಗ್ನೂವಿನ್32 ಎಂದು ಕರೆದರು, ಆಮೇಲೆ ಸಿಗ್ವಿನ್32 ಆಯಿತು. ಮೈಕ್ರೋಸಾಫ್ಟ್ ವಿನ್32 ಎಂಬ ಹೆಸರನ್ನು ತನ್ನ ಟ್ರೇಡ್‌ಮಾರ್ಕ್ ಮಾಡಿಕೊಂಡ ಮೇಲೆ ಬಾಲದ ಅಂಕಿ ಬಿದ್ದು ಬರೀ ಸಿಗ್ವಿನ್ ಉಳಿಯಿತು.

ಫೋರ್ಕ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಮುಂದಿನ ಎಲ್ಲ ರಗಳೆಯ ಬೇರು ಅಲ್ಲಿದೆ. ಯೂನಿಕ್ಸಿನಲ್ಲಿ ಹೊಸ ಪ್ರೋಗ್ರಾಮು ಹುಟ್ಟುವುದು ಬಾಳೆಗಿಡ ಮರಿ ಹಾಕಿದ ಹಾಗೆ. ಇರುವ ಪ್ರೊಸೆಸ್ ತನ್ನದೇ ಪ್ರತಿಯನ್ನು ಪಕ್ಕದಲ್ಲಿ ನಿಲ್ಲಿಸುತ್ತದೆ. ಅದೇ ಮೆಮೊರಿ, ಅದೇ ತೆರೆದ ಫೈಲುಗಳು, ಅದೇ ವಿಳಾಸಗಳು. ಮೆಮೊರಿಯ ಪುಟಗಳನ್ನು ತಾಯಿ ಮರಿ ಎರಡೂ ಹಂಚಿಕೊಂಡಿರುತ್ತವೆ, ಯಾರಾದರೂ ಬರೆಯಲು ಹೋದಾಗ ಮಾತ್ರ ಆ ಪುಟದ ನಕಲಾಗುತ್ತದೆ. ಹಾಗಾಗಿ ಕೆಲಸ ಅಗ್ಗ. ವಿಂಡೋಸಿನ ರೀತಿ ಬೇರೆ. ಅಲ್ಲಿ ಹೊಸ ಪ್ರೊಸೆಸ್ ಎಂದರೆ ಬೀಜ ಹಾಕಿ ಹೊಸದಾಗಿ ಬೆಳೆಸಿದ್ದು, ತಾಯಿಯ ನೆನಪು ಏನೂ ಇರುವುದಿಲ್ಲ. ಎನ್‌ಟಿಯ ಒಳಗರ್ಭದಲ್ಲಿ ಪ್ರತಿ ತೆಗೆಯುವ ಶಕ್ತಿ ಇತ್ತು, ಆದರೆ ಮಾಮೂಲು ವಿಂಡೋಸ್ ಪ್ರೋಗ್ರಾಮುಗಳಿಗೆ ಅದು ದಕ್ಕುವಂತಿರಲಿಲ್ಲ.

ಸಿಗ್ವಿನ್ ಮಾಡಿದ್ದು ಏನೆಂದರೆ, ಹೊಸ ಪ್ರೊಸೆಸ್ಸನ್ನು ತಡೆಹಿಡಿದ ಸ್ಥಿತಿಯಲ್ಲಿ ಹುಟ್ಟಿಸುವುದು, ತಾಯಿಯ ಡೇಟಾ ಭಾಗವನ್ನು ಅದರೊಳಗೆ ನಕಲು ಮಾಡುವುದು, ಆಮೇಲೆ ಎಬ್ಬಿಸುವುದು. ಎದ್ದ ಮರಿ ನಾನು ಫೋರ್ಕಿನಿಂದ ಹುಟ್ಟಿದವನು ಎಂದು ಗುರುತು ಹಿಡಿದು ಕಾಯುತ್ತದೆ, ತಾಯಿ ಸ್ಟ್ಯಾಕು ಮತ್ತು ಹೀಪನ್ನೂ ತುಂಬಿಸಿದ ಮೇಲೆ ಇಬ್ಬರೂ ತಮ್ಮ ತಮ್ಮ ದಾರಿ ಹಿಡಿಯುತ್ತಾರೆ. ಇಷ್ಟೆಲ್ಲ ನಾಟಕ ಒಂದು ಸಣ್ಣ ಆಜ್ಞೆಗೆ. ಲಿನಕ್ಸಿನಲ್ಲಿ ಚಹಾ ಕುಡಿಯುವಷ್ಟರಲ್ಲಿ ಮುಗಿಯುವ ಕಾನ್ಫಿಗರ್ ಸ್ಕ್ರಿಪ್ಟು ಸಿಗ್ವಿನ್‌ನಲ್ಲಿ ಊಟ ಮುಗಿಸಿ ಬಂದರೂ ತೆವಳುತ್ತಿರುವುದು ಈ ಕಾರಣಕ್ಕೆ.

ಇದೇ ಹೊತ್ತಿಗೆ ಮೈಕ್ರೋಸಾಫ್ಟ್ ಏನು ಮಾಡುತ್ತಿತ್ತು ಎಂದು ಕೇಳಬಹುದು. 1980ರಲ್ಲಿ ಕ್ಸೆನಿಕ್ಸ್ ಎಂಬ ಹೆಸರಲ್ಲಿ ಅದೇ ಯೂನಿಕ್ಸ್ ಮಾರಲು ಹೊರಟಿತ್ತು. 1993ರ ಎನ್‌ಟಿಯಲ್ಲಿ ಪೋಸಿಕ್ಸ್ ಉಪವ್ಯವಸ್ಥೆ ಅಂತ ಒಂದಿತ್ತು. ಅಮೆರಿಕ ಸರ್ಕಾರದ ಖರೀದಿ ನಿಯಮದಲ್ಲಿ ಪೋಸಿಕ್ಸ್ ಬೇಕೆಂದು ಬರೆದಿದ್ದರಿಂದ ಇಟ್ಟದ್ದು, ನಿಜವಾಗಿ ಯಾರೂ ಅದರಲ್ಲಿ ಸಂಸಾರ ಮಾಡುವಂತಿರಲಿಲ್ಲ. ಆಮೇಲೆ ಇಂಟರಿಕ್ಸ್ ಎಂಬುದನ್ನು 1999ರಲ್ಲಿ ಕೊಂಡು, ಸರ್ವಿಸಸ್ ಫಾರ್ ಯೂನಿಕ್ಸ್ ಎಂಬ ಹೆಸರಲ್ಲಿ ಕೆಲವು ವರ್ಷ ಕೊಟ್ಟು, ಕೊನೆಗೆ ಕೈಬಿಟ್ಟಿತು.

ಆ ಕಾಲದ ಒಂದು ಪ್ರಸಂಗವನ್ನು ಡೇವಿಡ್ ಕಾರ್ನ್ ತಾವೇ ಒಂದು ಸಂದರ್ಶನದಲ್ಲಿ ಹೇಳಿದ್ದಾರೆ, ನನಗೆ ಬಹಳ ಇಷ್ಟ. ಯೂಸ್‌ನಿಕ್ಸ್ ಸಂಸ್ಥೆಯ ಎನ್‌ಟಿ ಸಮ್ಮೇಳನದಲ್ಲಿ ಮೈಕ್ರೋಸಾಫ್ಟಿನ ಒಬ್ಬರು, ನಾವು ಕೊಡಲಿರುವ ಯೂನಿಕ್ಸ್ ಕಟ್ಟಿನಲ್ಲಿ ಕಾರ್ನ್ ಶೆಲ್ ಇರುತ್ತದೆ ಎಂದರು. ಸಭಿಕರಲ್ಲಿದ್ದ ಕಾರ್ನ್ ಮೈಕಿನ ಹತ್ತಿರ ಹೋಗಿ, ನೀವು ಎಂಕೆಎಸ್ ಕಂಪನಿಯಿಂದ ತಂದದ್ದು ಅಸಲಿ ಕಾರ್ನ್ ಶೆಲ್ ಅಲ್ಲ, ಅದಕ್ಕೂ ಇದಕ್ಕೂ ಹೊಂದಿಕೆಯಿಲ್ಲ ಎಂದು ತಿಳಿಸಿದರು. ವೇದಿಕೆಯವರು ಒಪ್ಪಲಿಲ್ಲ. ಇಲ್ಲ, ನಮ್ಮದು ಅಸಲಿಯೇ ಎಂದು ವಾದಕ್ಕಿಳಿದರು. ಕಾರ್ನ್ ಸುಮ್ಮನಾದರು. ಕಡೆಗೆ ಸಭೆಯಲ್ಲಿ ಮತ್ತೊಬ್ಬರು ಎದ್ದು, ಸ್ವಾಮಿ, ಆ ಶೆಲ್ ಬರೆದವರೇ ಇವರು ಎಂದು ಹೇಳಬೇಕಾಯಿತು. ಆ ಕಾರ್ನ್ ಅವರೇ ಎಟಿ ಅಂಡ್ ಟಿಯಲ್ಲಿ ಯೂವಿನ್ ಎಂಬ, ಸಿಗ್ವಿನ್ ರೀತಿಯದೇ ಇನ್ನೊಂದು ಪದರವನ್ನು ಕಟ್ಟಿದ್ದರು. ಸ್ಪರ್ಧೆಯಲ್ಲಿ ಉಳಿದದ್ದು ಸಿಗ್ವಿನ್.

ಅದು ಉಳಿದದ್ದಕ್ಕೆ ಡಿಎಲ್‌ಎಲ್‌ಗಿಂತ ಪ್ಯಾಕೇಜುಗಳು ಕಾರಣ ಎಂಬುದು ನನ್ನ ಅಭಿಪ್ರಾಯ. 1998ರ ಬಿ20 ಆವೃತ್ತಿಯ ತನಕ ಎಲ್ಲವೂ ಒಂದೇ ದೊಡ್ಡ ಗಂಟು, ಇಳಿಸಿದರೆ ಪೂರ್ತಿ ಇಳಿಸಬೇಕು. 1999ರಲ್ಲಿ ಸಿಗ್ನಸ್ 1.0 ಅನ್ನು ಸಿಡಿಯಲ್ಲಿ ಮಾರಿತು, ಆ ವರ್ಷದ ಕೊನೆಗೆ ಸಿಗ್ನಸ್ಸನ್ನೇ ರೆಡ್ ಹ್ಯಾಟ್ ಕೊಳ್ಳುವುದು ಗೊತ್ತಾಯಿತು. 2000ದ ನಂತರ ಬಂದ ಸೆಟಪ್ ಪ್ರೋಗ್ರಾಮು ಪೂರಾ ಚಿತ್ರ ಬದಲಿಸಿತು. ಅದನ್ನು ಮೊದಲು ಬರೆದವರು ಸಿಗ್ನಸ್ ಸೇರಿದ್ದ ಆ ಡಿ.ಜೆ. ಡಿಲೋರಿ. ಬೇಕಾದ ಪ್ಯಾಕೇಜು ಮಾತ್ರ ಆರಿಸು, ಅದಕ್ಕೆ ಬೇಕಾದ ಉಳಿದವನ್ನು ಅದೇ ತರುತ್ತದೆ, ಹತ್ತಿರದ ಮಿರರ್‌ನಿಂದ ಇಳಿಸುತ್ತದೆ.

ಪ್ರತಿ ಪ್ಯಾಕೇಜಿಗೂ ಒಬ್ಬ ಪಾಲಕ ಇರುತ್ತಾನೆ. ಸಂಬಳವಿಲ್ಲ. ಮೂಲ ಲೇಖಕರು ಹೊಸ ಆವೃತ್ತಿ ಬಿಟ್ಟಾಗ ಅದನ್ನು ತಂದು, ವಿಂಡೋಸಿನಲ್ಲಿ ಎಲ್ಲಿ ಎಡವುತ್ತದೆ ನೋಡಿ, ಪ್ಯಾಚ್ ಹಾಕಿ, ಕಟ್ಟಿ, ಪರೀಕ್ಷಿಸಿ, ಯಾವ ಯಾವ ಲೈಬ್ರರಿ ಬೇಕೆಂದು ಒಂದು ಚೀಟಿ ಬರೆದು ಮೇಲೇರಿಸಬೇಕು. ಪಾಲಕನಿಗೆ ನೌಕರಿ ಬದಲಾಯಿತು, ಮಗು ಹುಟ್ಟಿತು, ಬೇಸರ ಬಂತು, ಕೆಲಸ ಬಿಟ್ಟ ಎಂದರೆ ಆ ಪ್ಯಾಕೇಜಿನ ಎದುರು ಅನಾಥ ಎಂದು ಬರೆಯುತ್ತಾರೆ. ಬೇರೆ ಯಾರಾದರೂ ದತ್ತು ತೆಗೆದುಕೊಳ್ಳುತ್ತೇನೆ ಎಂದು ಮುಂದೆ ಬರಬೇಕು. ಇದು ನಾನು ಮಾಡಿದ ಅಲಂಕಾರವಲ್ಲ, ಡೆಬಿಯನ್‌ನವರ ಪರಿಪಾಠದಿಂದ ಬಂದ ಅವರದೇ ಪದಗಳು. ಪರವೂರಿನ ಕನ್ನಡ ಸಂಘದ ಗ್ರಂಥಾಲಯವನ್ನು ಭಾನುವಾರ ತೆರೆದು ಕೂರುವವರನ್ನು ಕಂಡವರಿಗೆ ಈ ವ್ಯವಸ್ಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾನು 2003ರಲ್ಲಿ ಪುಣೆಗೆ ಬಂದಾಗ ಮೇಜಿನ ಮೇಲೆ ವಿಂಡೋಸ್ ಎಕ್ಸ್‌ಪಿ, ಗಿರಾಕಿಯ ಕಡೆ ಸೋಲಾರಿಸ್. ಆಫೀಸಿನ ಮಷಿನ್‌ಗೆ ಲಿನಕ್ಸ್ ಹಾಕಲು ಅಪ್ಪಣೆ ಇರಲಿಲ್ಲ. ಸಿಗ್ವಿನ್ ಹಾಕಲು ಯಾರನ್ನೂ ಕೇಳಬೇಕಾಗಿರಲಿಲ್ಲ, ಏಕೆಂದರೆ ಅದು ಏನೆಂದೇ ಆ ಇಲಾಖೆಗೆ ಗೊತ್ತಿರಲಿಲ್ಲ. ನಮ್ಮ ತಂಡದಲ್ಲಿ ಬೆಳಗಾವಿ ಕಡೆಯ ಹಿರಿಯರೊಬ್ಬರಿದ್ದರು, ಎಲ್ಲರಿಗೂ ಅವರು ಸರ್, ಅವರಿಗೆ ನಾವೆಲ್ಲ ತಮ್ಮ. ಕೆಟ್ಟ ಸಿಗ್ವಿನ್ ರಿಪೇರಿಗೆ ಅವರೇ ಡಾಕ್ಟರು. ಹೋಗಿ ನಿಂತರೆ ಮೊದಲ ಪ್ರಶ್ನೆ ಒಂದೇ: “ಸಿಗ್‌ಚೆಕ್ ಓಡಿಸಿದ್ಯೇನೋ ತಮ್ಮಾ? ಮೊದ್ಲು ಅದರ ಔಟ್‌ಪುಟ್ ತಗೊಂಡ್ ಬಾ, ಆಮ್ಯಾಲ ಅಳಾಕ ಬಾ.” ಸಿಗ್‌ಚೆಕ್ ಎಂದರೆ ರಕ್ತ ಪರೀಕ್ಷೆಯ ವರದಿ ಇದ್ದ ಹಾಗೆ. ಯಾವ ಪ್ಯಾಕೇಜು ಯಾವ ಆವೃತ್ತಿ, ಪಾತ್ ಏನು, ಸಿಗ್ವಿನ್1 ಡಿಎಲ್‌ಎಲ್ ಎಷ್ಟು ಕಡೆ ಬಿದ್ದಿದೆ ಎಲ್ಲ ಅದರಲ್ಲಿ.

ಎಷ್ಟು ಕಡೆ ಬಿದ್ದಿದೆ ಎಂಬುದು ಮುಖ್ಯ. ಆ ಕಾಲದಲ್ಲಿ ಎಷ್ಟೋ ಬೇರೆ ತಂತ್ರಾಂಶದವರು ಸದ್ದಿಲ್ಲದೆ ತಮ್ಮ ಜೊತೆ ಒಂದು ಹಳೆಯ ಸಿಗ್ವಿನ್1 ಡಿಎಲ್‌ಎಲ್ ತಂದು ಹಾಕುತ್ತಿದ್ದರು. ಎರಡು ಬೇರೆ ಆವೃತ್ತಿಗಳು ಒಂದೇ ಹೊತ್ತಿಗೆ ಮೆಮೊರಿಗೆ ಬಂದರೆ ಹಂಚಿಕೊಂಡ ಜಾಗದ ಬಗ್ಗೆ ಜಗಳ, ನಿನ್ನೆ ನಡೆದದ್ದು ಇವತ್ತು ನಡೆಯುವುದಿಲ್ಲ. ಮದ್ದು ಸರಳ, ಒಂದನ್ನು ಬಿಟ್ಟು ಉಳಿದವನ್ನು ತೆಗೆ. ಯಾವುದನ್ನು ತೆಗೆದರೆ ಯಾರ ತಂತ್ರಾಂಶ ನಿಲ್ಲುತ್ತದೆ ಎಂಬುದು ಮಾತ್ರ ಸರಳವಲ್ಲ.

ದೊಡ್ಡ ಕಾಯಿಲೆ ರೀಬೇಸ್‌ನದು. ಫೋರ್ಕಿನಲ್ಲಿ ಮರಿ ತಾಯಿಯ ತದ್ರೂಪು ಆಗಬೇಕಾದರೆ ತಾಯಿಯಲ್ಲಿ ಒಂದು ಡಿಎಲ್‌ಎಲ್ ಯಾವ ವಿಳಾಸದಲ್ಲಿ ಕೂತಿತ್ತೋ ಮರಿಯಲ್ಲೂ ಅಲ್ಲೇ ಕೂರಬೇಕು. ಪ್ರತಿ ಡಿಎಲ್‌ಎಲ್‌ಗೂ ತಾನು ಇಷ್ಟಪಡುವ ಒಂದು ವಿಳಾಸ ಇರುತ್ತದೆ. ಕಟ್ಟುವಾಗ ಲಿಂಕರು ಫೈಲಿನ ಹೆಸರಿನಿಂದ ಲೆಕ್ಕ ಹಾಕಿ ಆ ವಿಳಾಸ ಕೊಡುತ್ತದೆ. 32 ಬಿಟ್ಟಿನ ಪ್ರೊಸೆಸ್ಸಿಗೆ ಸಾಮಾನ್ಯವಾಗಿ ಸಿಗುತ್ತಿದ್ದದ್ದು 2 ಜಿಬಿ ವಿಳಾಸ. ಪ್ಯಾಕೇಜುಗಳು ಹೆಚ್ಚಿದಂತೆ ಇಬ್ಬರಿಗೆ ಒಂದೇ ವಿಳಾಸ ಬೀಳತೊಡಗಿತು, ಒಬ್ಬ ಕೂತಿದ್ದರೆ ಇನ್ನೊಬ್ಬನನ್ನು ವಿಂಡೋಸ್ ತನಗೆ ತೋಚಿದ ಕಡೆ ಕೂರಿಸುತ್ತಿತ್ತು. ಮರಿ ಹುಟ್ಟುವಾಗ ಅವನು ಮತ್ತೊಂದು ಕಡೆ ಕೂತರೆ ಮುಗಿಯಿತು, ಫೋರ್ಕ್ ವಿಫಲ. ವಿಸ್ತಾ ಬಂದ ಮೇಲೆ ಭದ್ರತೆಗಾಗಿ ವಿಳಾಸಗಳನ್ನು ಕಲಸಿ ಹಾಕುವ ಪದ್ಧತಿಯೂ ಶುರುವಾಗಿ ವಿಂಡೋಸಿನ ಸ್ವಂತ ಡಿಎಲ್‌ಎಲ್‌ಗಳೂ ಜಾಗ ಬದಲಿಸತೊಡಗಿದವು.

ಇದಕ್ಕೆ ರೀಬೇಸ್‌ಆಲ್ ಎಂಬ ಆಜ್ಞೆ. ಇರುವ ಎಲ್ಲ ಡಿಎಲ್‌ಎಲ್‌ಗಳನ್ನು ಸಾಲಾಗಿ ನಿಲ್ಲಿಸಿ ಒಂದರ ಮೇಲೊಂದು ಬೀಳದಂತೆ ಹೊಸ ವಿಳಾಸ ಹಂಚುತ್ತದೆ. ಆದರೆ ಬ್ಯಾಷ್ ಒಳಗೆ ಕೂತು ಅದನ್ನು ಓಡಿಸುವಂತಿಲ್ಲ. ಬ್ಯಾಷೇ ಕೆಲವು ಡಿಎಲ್‌ಎಲ್‌ಗಳನ್ನು ಹಿಡಿದು ಕೂತಿರುತ್ತದೆ, ಬಳಕೆಯಲ್ಲಿರುವ ಫೈಲನ್ನು ಬದಲಿಸಲು ವಿಂಡೋಸ್ ಬಿಡುವುದಿಲ್ಲ. ತಾನು ಕೂತ ಕೊಂಬೆಯನ್ನು ತಾನೇ ಕಡಿಯುವ ಕೆಲಸ. ಎಲ್ಲ ಸಿಗ್ವಿನ್ ಪ್ರೊಸೆಸ್ಸುಗಳನ್ನೂ ನಿಲ್ಲಿಸಿ, ಆ್ಯಷ್ ಅಥವಾ ಡ್ಯಾಷ್ ಎಂಬ ಬಡ ಶೆಲ್ಲನ್ನು ನೇರವಾಗಿ ತೆರೆದು ಅದರಲ್ಲಿ ಓಡಿಸಬೇಕು. ಸರ್ ಇದನ್ನು ಶುಕ್ರವಾರ ಸಂಜೆ, ಎಲ್ಲರೂ ಹೋದ ಮೇಲೆ ಮಾಡುತ್ತಿದ್ದರು. ಕೆಲವು ವರ್ಷಗಳ ನಂತರ ಸೆಟಪ್ ಪ್ರೋಗ್ರಾಮೇ ಪ್ರತಿ ಸಲ ಇದನ್ನು ಮಾಡಿ ಮುಗಿಸುವ ವ್ಯವಸ್ಥೆ ಬಂತು. 2013ರಲ್ಲಿ 64 ಬಿಟ್ಟಿನ ಸಿಗ್ವಿನ್ ಬಂದಾಗ ವಿಳಾಸದ ಬರ ನೀಗಿ ಈ ಕಾಯಿಲೆ ಹೆಚ್ಚುಕಡಿಮೆ ವಾಸಿಯಾಯಿತು.

ವಾಸಿಯಾಗದ್ದು ಎಂದರೆ ಆಂಟಿವೈರಸ್. ಅದು ಪ್ರತಿ ಪ್ರೊಸೆಸ್ಸಿನೊಳಗೂ ತನ್ನ ಡಿಎಲ್‌ಎಲ್ ತುರುಕಿ ಅಲ್ಲಿನ ಜಾಗ ಆಕ್ರಮಿಸುತ್ತದೆ. ಸಿಗ್ವಿನ್‌ನವರು ಇಂಥ ತರಲೆ ತಂತ್ರಾಂಶಗಳದ್ದೇ ಒಂದು ಪಟ್ಟಿ ಇಟ್ಟಿದ್ದಾರೆ, ಬ್ಲೋಡಾ ಎಂದು ಅದರ ಹೆಸರು, ಇಂಗ್ಲಿಷ್ ಪದಗಳ ಮೊದಲಕ್ಷರ ಜೋಡಿಸಿದ್ದು. ನಮ್ಮಲ್ಲಿ ಒಂದು ಸೋಮವಾರ ಬಿಲ್ಡ್ ಎಲ್ಲ ನಿಂತುಹೋಗಿ, ಶನಿವಾರ ರಾತ್ರಿ ಆಂಟಿವೈರಸ್ ತಾನಾಗಿ ಹೊಸ ಆವೃತ್ತಿಗೆ ಏರಿದ್ದು ಕಾರಣ ಎಂದು ಬುಧವಾರ ಗೊತ್ತಾಯಿತು. ಅದನ್ನು ತೆಗೆಯಲು ನಮಗೆ ಅಧಿಕಾರವಿಲ್ಲ, ಅಧಿಕಾರ ಇದ್ದವರಿಗೆ ನಮ್ಮ ಮಾತು ಅರ್ಥವಾಗುವುದಿಲ್ಲ. ಕೊನೆಗೆ ಒಂದು ಫೋಲ್ಡರಿಗೆ ವಿನಾಯಿತಿ ಸಿಕ್ಕಿತು, ಅದಕ್ಕೆ ಮೂರು ಸಹಿ.

ಸಾಲಿನ ಕೊನೆಯ ತಂಟೆ ಎಲ್ಲರಿಗೂ ಗೊತ್ತಿರುವುದೇ. ಹಳೆಯ ಟೆಲಿಟೈಪ್ ಯಂತ್ರಕ್ಕೆ ಗಾಡಿಯನ್ನು ಎಡಕ್ಕೆ ತಳ್ಳುವುದು ಒಂದು ಸಂಜ್ಞೆ, ಕಾಗದ ಮೇಲೇರಿಸುವುದು ಇನ್ನೊಂದು. ಡಾಸ್ ಎರಡನ್ನೂ ಉಳಿಸಿಕೊಂಡಿತು, ಯೂನಿಕ್ಸ್ ಒಂದೇ ಸಾಕೆಂದಿತು. ನೋಟ್‌ಪ್ಯಾಡಿನಲ್ಲಿ ತಿದ್ದಿದ ಸ್ಕ್ರಿಪ್ಟನ್ನು ಬ್ಯಾಷ್ ಓದಿದರೆ ಪ್ರತಿ ಸಾಲಿನ ತುದಿಯಲ್ಲಿ ಕಾಣದ ಒಂದು ಅಕ್ಷರ ಸಿಕ್ಕಿ ಅಂಥ ಆಜ್ಞೆ ಇಲ್ಲ ಎನ್ನುತ್ತದೆ. ಕಣ್ಣಿಗೆ ಕಾಣದ್ದನ್ನು ಹುಡುಕುವ ಕಷ್ಟ. ಇನ್ನು ಆಕ್ಸ್, ಕಾನ್, ನಲ್ ಎಂಬ ಹೆಸರಿನ ಫೈಲುಗಳ ಪಾಡು ಬೇರೆ. 1981ರ ಡಾಸ್‌ನಲ್ಲಿ ಫೋಲ್ಡರುಗಳೇ ಇರಲಿಲ್ಲವಾದ್ದರಿಂದ ಸಾಧನಗಳ ಹೆಸರು ಎಲ್ಲೆಲ್ಲೂ ಮೀಸಲಾದವು, ಆ ಮೀಸಲಾತಿ ಈಗಲೂ ಕಾಡುತ್ತಿದೆ. ಯೂನಿಕ್ಸಿನ ಸೋರ್ಸ್ ಗಂಟು ಬಿಚ್ಚಿದಾಗ ಅದರಲ್ಲಿ ಆಕ್ಸ್ ಎಂಬ ಫೈಲಿದ್ದರೆ ವಿಂಡೋಸ್ ಗಂಟಲು ಕಟ್ಟಿಕೊಳ್ಳುತ್ತಿತ್ತು.

ಕನ್ನಡದವರಿಗೆ ತಟ್ಟಿದ ಸಂಗತಿ ಇನ್ನೊಂದು. ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟಿನೊಂದಿಗೆ ಕನ್ನಡ ತಂದಿತ್ತು, ಫೈಲಿಗೆ ಕನ್ನಡದಲ್ಲೇ ಹೆಸರಿಡಬಹುದಿತ್ತು. ಆದರೆ ಅದು ಯೂನಿಕೋಡಿನ ಮೂಲಕ ಮಾತ್ರ. ರಷ್ಯನ್, ಗ್ರೀಕ್‌ಗಳಿಗಿದ್ದ ಹಳೆಯ ಕೋಡ್ ಪೇಜ್ ಕನ್ನಡಕ್ಕೆ ವಿಂಡೋಸಿನಲ್ಲಿ ಇಲ್ಲ. ಆಗಿನ 1.5 ಸರಣಿಯ ಸಿಗ್ವಿನ್ ಫೈಲುಗಳನ್ನು ಮುಟ್ಟುತ್ತಿದ್ದದ್ದು ಹಳೆಯ ಕೋಡ್ ಪೇಜ್ ದಾರಿಯಿಂದ. ಪರಿಣಾಮ, ಕನ್ನಡ ಹೆಸರಿನ ಪ್ರತಿ ಫೈಲೂ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಪಟ್ಟಿಯಲ್ಲಿ ಕಾಣುತ್ತದೆ, ತೆರೆಯಲು ಹೋದರೆ ಅಂಥ ಫೈಲಿಲ್ಲ. ಗೆಳೆಯರ ಬಳಗವೊಂದು ಹಳೆಯ ನಾಟಕಗಳ ಹಸ್ತಪ್ರತಿಗಳನ್ನು ಸ್ಕ್ಯಾನ್ ಮಾಡಿ ಕನ್ನಡದಲ್ಲೇ ಹೆಸರಿಟ್ಟು ಕೂಡಿಸಿತ್ತು. ಆರ್‌ಸಿಂಕ್‌ನಿಂದ ಅದರ ಬ್ಯಾಕಪ್ ತೆಗೆಯಲು ಹೋದಾಗ ಇಂಗ್ಲಿಷ್ ಹೆಸರಿನವು ಮಾತ್ರ ದಾಟಿದವು, ಉಳಿದವು ಈ ದಡದಲ್ಲೇ ನಿಂತವು. ಹೆಸರುಗಳನ್ನೆಲ್ಲ ಇಂಗ್ಲಿಷ್ ಲಿಪಿಗೆ ಬದಲಿಸುವುದು ಸುಲಭದ ದಾರಿ. ಬಳಗದ ಹಿರಿಯ ತಾಯಿಯೊಬ್ಬರು, “ನಮ್ಮ ಹೆಸರು ಬದಲಿಸಿಕೊಂಡರೇನೇ ಒಳಗೆ ಬಿಡ್ತೀವಿ ಅನ್ನೋ ಮನೆಗೆ ಯಾಕ್ರೀ ಹೋಗ್ಬೇಕು?” ಎಂದರು. ಆ ಫೈಲುಗಳನ್ನು ಡಿವಿಡಿಗೆ ಸುಟ್ಟು ಇಟ್ಟೆವು. 2009ರ ಡಿಸೆಂಬರಿನಲ್ಲಿ 1.7 ಬಂತು. ವಿಂಡೋಸ್ 95, 98ರ ಹೊರೆ ಇಳಿಸಿ, ಯೂನಿಕೋಡ್ ದಾರಿಗೆ ಹೊರಳಿ, ಯುಟಿಎಫ್-8 ಅನ್ನೇ ರೂಢಿ ಮಾಡಿತು. ನಾಟಕಗಳು ಅವುಗಳ ಹೆಸರಿನಿಂದಲೇ ದಾಟಿದವು. ಟರ್ಮಿನಲ್‌ನಲ್ಲಿ ಒತ್ತಕ್ಷರ ಒಡೆದು ಕಾಣುವುದು ಇನ್ನೂ ಹೋಗಿಲ್ಲ, ಅದು ಸಮಾನ ಅಗಲದ ಚೌಕಗಳಲ್ಲಿ ಅಕ್ಷರ ಕೂರಿಸುವ ಟರ್ಮಿನಲ್‌ನ ಹುಟ್ಟುಗುಣ. 1.7ರ ಈ ಕೆಲಸದ ಬಹುಭಾಗ ಹೊತ್ತವರು ರೆಡ್ ಹ್ಯಾಟಿನ ಕೊರಿನಾ ವಿನ್ಶೆನ್. ನಮ್ಮ ಬಳಗಕ್ಕೆ ಅವರ ಹೆಸರು ಗೊತ್ತಿರಲಿಲ್ಲ, ಅವರಿಗೆ ನಮ್ಮ ನಾಟಕಗಳದ್ದು ಗೊತ್ತಿರಲು ಸಾಧ್ಯವೇ ಇಲ್ಲ.

ಸಿಗ್ವಿನ್‌ನ ಟೊಂಗೆಗಳ ಮಾತನ್ನು ಬೇಗ ಮುಗಿಸುತ್ತೇನೆ. 1.3ರಿಂದ ಒಡೆದು ಎಂಸಿಸ್ ಆಯಿತು, ದುಭಾಷಿ ಬೇಡ, ನೇರ ವಿಂಡೋಸ್ ಪ್ರೋಗ್ರಾಮೇ ಬೇಕು ಎನ್ನುವ ಮಿಂಜಿಡಬ್ಲ್ಯು ಬಳಗದವರ ಅನುಕೂಲಕ್ಕೆ. ಮುಂದೆ ಹೊಸದಾಗಿ ಎಂಸಿಸ್2 ಬಂತು, ಆರ್ಚ್ ಲಿನಕ್ಸಿನ ಪ್ಯಾಕ್‌ಮನ್ ಹೊತ್ತುಕೊಂಡು. 2015ರಿಂದ ಗಿಟ್ ಫಾರ್ ವಿಂಡೋಸ್ ನಿಂತಿರುವುದು ಅದರ ಮೇಲೆ. ಅಂದರೆ ಈಗ ನಿಮ್ಮ ಲ್ಯಾಪ್‌ಟಾಪಿನಲ್ಲಿರುವ ಗಿಟ್ ಬ್ಯಾಷ್ ಚೇಂಬರ್ಲೇನರ ಡಿಎಲ್‌ಎಲ್‌ನ ಮೊಮ್ಮಗ. 2016ರಲ್ಲಿ ಸಿಗ್ವಿನ್ ತನ್ನ ಲೈಬ್ರರಿಯನ್ನು ಎಲ್‌ಜಿಪಿಎಲ್ ಪರವಾನಗಿಗೆ ತಂದು, ಮುಚ್ಚಿದ ತಂತ್ರಾಂಶದವರೂ ದುಡ್ಡು ಕೊಡದೆ ಬಳಸುವಂತೆ ಮಾಡಿತು. ಅದೇ ವರ್ಷ ಮೈಕ್ರೋಸಾಫ್ಟ್ ತಾನೇ ವಿಂಡೋಸಿನೊಳಗೆ ಲಿನಕ್ಸ್ ಪ್ರೋಗ್ರಾಮು ಓಡಿಸುವ ಡಬ್ಲ್ಯುಎಸ್‌ಎಲ್ ತಂದಿತು. 2001ರಲ್ಲಿ ಅದೇ ಕಂಪನಿಯ ಮುಖ್ಯಸ್ಥರು ಲಿನಕ್ಸನ್ನು ಕ್ಯಾನ್ಸರಿಗೆ ಹೋಲಿಸಿದ್ದರು. ಎರಡನೆಯ ಆವೃತ್ತಿಯಲ್ಲಿ ನಿಜವಾದ ಲಿನಕ್ಸ್ ಕರ್ನಲ್ಲನ್ನೇ ಒಳಗಿಟ್ಟರು, ಫೋರ್ಕಿನ ಗೋಳೇ ಇಲ್ಲ. ಇನ್ನು ಸಿಗ್ವಿನ್ ಯಾಕೆ ಎಂದು ಕೇಳುವವರು ಅಂದಿನಿಂದ ಇದ್ದಾರೆ. ಡಬ್ಲ್ಯುಎಸ್‌ಎಲ್‌ನಲ್ಲಿ ಓಡುವುದು ಲಿನಕ್ಸ್ ಪ್ರೋಗ್ರಾಮು, ಪಕ್ಕದ ಪೆಟ್ಟಿಗೆಯಲ್ಲಿ. ಸಿಗ್ವಿನ್‌ನಲ್ಲಿ ಓಡುವುದು ಅಸಲಿ ವಿಂಡೋಸ್ ಪ್ರೋಗ್ರಾಮು, ಅದೇ ಮನೆಯೊಳಗೆ. ಎರಡೂ ಬೇರೆ ಬೇರೆ ಅಗತ್ಯಗಳು.

ಆ ಅಗತ್ಯ ಈಗಲೂ ಇದೆಯೆಂದು ನನಗೆ ಗೊತ್ತಿರುವುದು ಚಾಕಣದ ಒಂದು ಕಾರ್ಖಾನೆಯಿಂದ. ಅಲ್ಲಿನ ಪರೀಕ್ಷಾ ಯಂತ್ರಕ್ಕೆ ಜೋಡಿಸಿದ ಕಂಪ್ಯೂಟರು 32 ಬಿಟ್ಟಿನ ವಿಂಡೋಸ್ 7, ಯಂತ್ರದ ಕಾರ್ಡಿಗೆ ಬೇರೆ ಡ್ರೈವರ್ ಇಲ್ಲ. ಅಳತೆಗಳನ್ನು ಪ್ರತಿ ರಾತ್ರಿ ಸಿಗ್ವಿನ್ ಸ್ಕ್ರಿಪ್ಟು ಜೋಡಿಸಿ, ಹೊರಗೆ ಕಳಿಸುತ್ತದೆ. ಆ ಸ್ಕ್ರಿಪ್ಟು ನಮ್ಮ ಸರ್ ಬರೆದದ್ದು, ಅವರು ನಿವೃತ್ತರಾಗಿ ಬೆಳಗಾವಿಗೆ ಮರಳಿ ವರ್ಷಗಳಾದವು. 2022ರ ಡಿಸೆಂಬರಿನಲ್ಲಿ ಬಂದ ಸಿಗ್ವಿನ್ 3.4, 32 ಬಿಟ್ಟನ್ನು ಕೈಬಿಟ್ಟಿತು. 2024ರ 3.5, ವಿಂಡೋಸ್ 7ನ್ನೂ ಕೈಬಿಟ್ಟಿತು. ಪಾಲಕರನ್ನು ದೂರುವಂತಿಲ್ಲ, ಬೆರಳೆಣಿಕೆಯ ಮಂದಿ ಎರಡೆರಡು ಸಂಸಾರ ಎಷ್ಟು ವರ್ಷ ನಡೆಸಿಯಾರು. 2022ರ ನವೆಂಬರಿನ ಕೊನೆಯ 32 ಬಿಟ್ ಪ್ಯಾಕೇಜುಗಳನ್ನು ಇದ್ದ ಹಾಗೇ ಕಾದಿಟ್ಟ ಒಂದು ಸಂಗ್ರಹ ಇದೆ. ಅಲ್ಲಿಂದ 3.3.6 ಆವೃತ್ತಿಯನ್ನೂ ನಮಗೆ ಬೇಕಾದ ನಲವತ್ತು ಚಿಲ್ಲರೆ ಪ್ಯಾಕೇಜುಗಳನ್ನೂ ಇಳಿಸಿ, ಎರಡು ಡಿಸ್ಕಿನಲ್ಲಿ ನಕಲು ಮಾಡಿ, ಒಂದನ್ನು ಕಾರ್ಖಾನೆಯ ಕಪಾಟಿನಲ್ಲಿ ಇಟ್ಟಿದ್ದೇನೆ. ಆ ಕಂಪ್ಯೂಟರಿನ ಇಂಟರ್‌ನೆಟ್ ಕಿತ್ತು, ಪಕ್ಕದ ಒಂದು ಮಷಿನ್‌ಗೆ ಮಾತ್ರ ಜೋಡಿಸಿದ್ದೇವೆ. ರೀಬೇಸ್‌ಆಲ್ ಓಡಿಸುವ ಕ್ರಮವನ್ನು ಮರಾಠಿಯಲ್ಲೂ ಕನ್ನಡದಲ್ಲೂ ಬರೆದು ಡಿಸ್ಕಿನ ಡಬ್ಬಿಯ ಮೇಲೆ ಅಂಟಿಸಿದ್ದೇನೆ, ಏಕೆಂದರೆ ಈಗ ಆ ಪಾಳಿಯಲ್ಲಿ ಇರುವ ಇಬ್ಬರಲ್ಲಿ ಒಬ್ಬ ಸಾತಾರಾದವನು, ಇನ್ನೊಬ್ಬ ಜಮಖಂಡಿಯವನು.